ಸೀನಪ್ಪನಿಗೆ ಕಣ್ಣೀರು, ಬೆಳ್ಳುಳ್ಳಿಗೆ ಬೈಗುಳ

ಯಾರೋ ಯಾರನ್ನೋ ಹೊಡೆದು ಹಾಕುತ್ತಿದ್ದಾರೆ ಅಂದುಕೊಂಡೇ ನಾನು ಓಡಿದ್ದು. ಊರಿಗೆ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಟ್ರಂಕಿನ ಬೀಗ ತೆಗೆದಿರಲಿಲ್ಲ, ಒಂದು ಲೋಟ ನೀರು ಕುಡಿದಿರಲಿಲ್ಲ. ಬಾಡಿಗೆಗೆ ಹಿಡಿದ ಮನೆಯ ಹಿಂದೆ ಒಂದು ಉದ್ದನೆಯ ಶೆಡ್ಡಿತ್ತು, ಅಲ್ಲಿಂದ ಹೆಂಗಸರ ಕೂಗಾಟ ಕೇಳಿಸಿತು. "ಹೆತ್ತ ಮಗೂನ ಬಿಟ್ಟು ಹೊಂಟವ್ಳಲ್ಲೇ, ಇವ್ಳ ಹೊಟ್ಟೆಗೆ ಬೆಂಕಿ ಬೀಳ!" ಅಂತ ಒಂದು ದನಿ. "ಕಾಲು ಮುರೀಬೇಕು ಇಂಥೋಳ್ದು!" ಅಂತ ಇನ್ನೊಂದು. ನಡುನಡುವೆ ನನಗೆ ತಿಳಿಯದ ತೆಲುಗು, ಆದರೆ ಬೈಗುಳ ಎಂದು ತಿಳಿಯುವುದಕ್ಕೆ ಭಾಷೆ ಬರಬೇಕಾಗಿಲ್ಲ.

ನಾನು ನರ್ಸ್. ಪಟ್ಟಿ ಕಟ್ಟುವ ಡಬ್ಬಿ ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದರೆ ಒಬ್ಬ ಹಿರಿಯ ಹೆಂಗಸು ಎರಡೂ ಕೈ ಅಡ್ಡ ಹಿಡಿದು, "ಚಪ್ಲಿ! ಚಪ್ಲಿ ಬಿಡಿ ಸಿಸ್ಟರ್! ಸುಣ್ಣದ ನೀರ್ನಾಗೆ ಕಾಲಿಡಿ!" ಎಂದರು. ಒಳಗೆ ಹೆಣ ಬೀಳುವ ಹೊತ್ತಿನಲ್ಲಿ ನನ್ನ ಕಾಲು ತೊಳೆಸುತ್ತಾರಲ್ಲ ಎಂದುಕೊಂಡೆ. ಕಾಲು ಅದ್ದಿ ಒಳಗೆ ಹೋದೆ. ಅಟ್ಟಣೆಯ ಮೇಲೆ ಅಟ್ಟಣೆ, ಅದರ ತುಂಬ ಬೆರಳು ಗಾತ್ರದ ಬಿಳಿ ರೇಷ್ಮೆಹುಳುಗಳು, ಹಿಪ್ಪುನೇರಳೆ ಸೊಪ್ಪು ಹರವುತ್ತಿದ್ದ ಏಳೆಂಟು ಹೆಂಗಸರು. ಯಾರಿಗೂ ಏನೂ ಆಗಿರಲಿಲ್ಲ. ಬೋರಲು ಹಾಕಿದ ಡ್ರಮ್ಮಿನ ಮೇಲೆ ಒಂದು ಮೊಬೈಲು ಒರಗಿಸಿಟ್ಟಿದ್ದರು. ಅದರೊಳಗೆ ಕೊರಿಯಾ ದೇಶದ ಒಬ್ಬ ತೆಳ್ಳನೆಯ ಹುಡುಗಿ ಬ್ಯಾಗು ಹಿಡಿದು ಬಸ್ಸಿಗೆ ಕಾಯುತ್ತಿದ್ದಳು. ಇಷ್ಟೂ ಶಾಪ ಅವಳಿಗೆ.

ನಮ್ಮ ರೋಣದ ಕಡೆಯವರಿಗೆ ಮೊದಲು ಈ ಊರು ಎಲ್ಲಿದೆ ಎಂದು ಹೇಳಬೇಕು. ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕು, ತಾಯಲೂರು ಹೋಬಳಿ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ನನ್ನ ಆರೋಗ್ಯ ಉಪಕೇಂದ್ರ. ಇನ್ನೂ ಸ್ವಲ್ಪ ಹೋದರೆ ಆಂಧ್ರ. ನಕ್ಷೆಯಲ್ಲಿ ನೋಡಿದರೆ ಒಂದೇ ರಾಜ್ಯ, ಒಂದೇ ಭಾಷೆ. ಬಂದು ನೋಡಿದರೆ ನಮ್ಮ ಎರೆಮಣ್ಣಿನವಳಿಗೆ ಇಲ್ಲಿಯ ಕೆಂಪು ಮಣ್ಣು ಬಟ್ಟೆಯಿಂದ ಬಿಡುವುದಿಲ್ಲ, ಬಾಯಿಂದ ಬಂದ ಮಾತು ಇಲ್ಲಿಯವರ ಕಿವಿಗೆ ಹತ್ತುವುದಿಲ್ಲ. ನಾನು "ಏನಾಗೇತ್ರಿ, ಎಲ್ಲಿ ನೋಯ್ತೇತಿ?" ಎಂದರೆ ಜ್ವರ ಬಂದವರೂ ನಗುತ್ತಿದ್ದರು. "ಎಲ್ಲಿ, ಇನ್ನೊಂದ್ಸಲ ಹೇಳಿ ಸಿಸ್ಟರ್" ಎಂದು ಕೇಳಿ ಕೇಳಿ ನಗುತ್ತಿದ್ದರು. ಇವರ ಮನೆಮಾತು ತೆಲುಗು, ಬೀದಿಮಾತು ಕನ್ನಡ. ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಮೊದಲ ತಿಂಗಳು ನಾನು ಎರಡರ ನಡುವೆ ಸಿಕ್ಕಿ ಸುಮ್ಮನೆ ತಲೆಯಾಡಿಸುತ್ತಿದ್ದೆ.

ಊಟದ ಕಥೆ ಬೇರೆ. ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ತಿಂದು ಬೆಳೆದ ಬಾಯಿಗೆ ರಾಗಿಮುದ್ದೆ. ನಾನು ಅಗಿದೆ. ಮನೆಯೊಡತಿ ಮುನಿರತ್ನಮ್ಮ ತಲೆ ತಲೆ ಚಚ್ಚಿಕೊಂಡರು. "ಅಗೀಬಾರ್ದು ತಾಯಿ, ಸಾರ್ನಾಗೆ ಅದ್ದಿ ನುಂಗ್ಬೇಕು" ಎಂದು ಮಗುವಿಗೆ ಕಲಿಸುವಂತೆ ಕಲಿಸಿದರು. ಗಂಟಲಿಗೆ ಸಿಕ್ಕಿ ಕಣ್ಣಲ್ಲಿ ನೀರು ಬಂತು. ಒಂದು ದಿನ ಹುರುಳಿಕಾಳು ಬಸ್ಸಾರಿನ ಜೊತೆ ಅದು ತಾನೇ ಜಾರಿ ಒಳಗೆ ಹೋಯಿತು. ಮುನಿರತ್ನಮ್ಮ ಆ ಸುದ್ದಿಯನ್ನು ಬೀದಿಗೆಲ್ಲ ಹಂಚಿದರು. ನನಗೆ ನೌಕರಿಯ ಆರ್ಡರ್ ಬಂದಾಗಲೂ ನಮ್ಮ ಊರಲ್ಲಿ ಅಷ್ಟು ಮಂದಿ ಖುಷಿಪಟ್ಟಿರಲಿಲ್ಲ.

ಮನೆ ಸಿಕ್ಕಿದ್ದು ಮಾತ್ರ ಸುಲಭವಾಗಿ ಅಲ್ಲ. ಟ್ರಂಕು ತರುವುದಕ್ಕೆ ಮೊದಲೇ ಒಮ್ಮೆ ಬಂದು ಬೀದಿಯೆಲ್ಲ ಅಲೆದಿದ್ದೆ. ಕರೆಂಟಿನ ಲೈನ್‌ಮನ್ ಒಬ್ಬ ರಾಯಚೂರಿನ ಕಡೆಯವನು ಅದೇ ವಾರ ಇಲ್ಲಿಗೆ ಬಂದಿದ್ದ. ಅವನಿಗೆ ಬಂದ ದಿನವೇ ಮನೆ ಸಿಕ್ಕಿತು, ಎರಡು ಮನೆಯಿಂದ ಸಾರೂ ಬಂತು. ನನ್ನನ್ನು ಒಂದೊಂದು ಬಾಗಿಲಲ್ಲೂ ನಿಲ್ಲಿಸಿ ಕೇಳಿದರು. ಒಬ್ರೇನಾ? ಮನೆಯೋರೆಲ್ಲಿ? ಯಾಕೆ ಬರಲಿಲ್ಲ? ಗಂಡಸು ಒಬ್ಬನೇ ಇದ್ದರೆ ಪಾಪ, ಊಟಕ್ಕೇನು ಮಾಡುತ್ತಾನೋ ಅನ್ನುತ್ತಾರೆ. ಹೆಂಗಸು ಒಬ್ಬಳೇ ಇದ್ದರೆ ಯಾಕೆ ಒಬ್ಬಳೇ ಇದ್ದಾಳೆ ಅನ್ನುತ್ತಾರೆ. ನಮ್ಮ ಕಡೆ ಇದು ಇಲ್ಲ ಎಂದು ಬೀಗಬೇಡಿ. ನಮ್ಮ ಕಡೆಯೂ ಇಷ್ಟೇ.

ನಾನು ಮುಚ್ಚಿಡಲಿಲ್ಲ. ಗಂಡ ಪುಣೆಯಲ್ಲಿ ಕೆಲಸದಲ್ಲಿದ್ದಾರೆ, ಒಬ್ಬ ಮಗಳಿದ್ದಾಳೆ, ಅವಳು ರೋಣದಲ್ಲಿ ನನ್ನ ತಾಯಿಯ ಹತ್ತಿರ ಓದುತ್ತಾಳೆ ಎಂದು ಮುನಿರತ್ನಮ್ಮನಿಗೆ ಮೊದಲ ದಿನವೇ ಹೇಳಿದೆ. ಶೆಡ್ಡಿನಲ್ಲಿ ಆ ಕೊರಿಯಾದವಳಿಗೆ ಬಿದ್ದ ಬೈಗುಳ ಇನ್ನೂ ಕಿವಿಯಲ್ಲಿತ್ತು. ಅವರು, "ನಿಮ್ದು ಗೌರ್ಮೆಂಟ್ ಕೆಲ್ಸ. ಅದು ಬೇರೆ ಬಿಡಿ" ಎಂದರು. ಎಷ್ಟು ಹಗುರವಾಯಿತು ಎಂದರೆ, ಅದು ಯಾಕೆ ಬೇರೆ ಎಂದು ಕೇಳುವ ಬುದ್ಧಿಯೇ ನನಗೆ ಬರಲಿಲ್ಲ.

ಸಂಜೆಗಳು ಕಷ್ಟ. ಮಗಳ ಜೊತೆ ಫೋನಿನಲ್ಲಿ ಮಾತಾಡಿ ಮುಗಿದ ಮೇಲೆ ಆ ಒಂದು ಕೋಣೆ ದೊಡ್ಡದಾಗುತ್ತಿತ್ತು. ಅದಕ್ಕೇ ನಾನೂ ಹುಳದ ಮನೆಗೆ ಹೋಗತೊಡಗಿದೆ. ಇಲ್ಲಿ ಅದನ್ನು ಹಾಗೇ ಕರೆಯುತ್ತಾರೆ, ಹುಳದ ಮನೆ. ಹೊರಗಿನ ರೋಗ ಹುಳಕ್ಕೆ ತಗಲದಿರಲೆಂದೇ ಬಾಗಿಲಲ್ಲಿ ಆ ಸುಣ್ಣದ ನೀರು. ಟೀವಿ ಧಾರಾವಾಹಿ ಬರುವ ಹೊತ್ತಿಗೆ ಡೇರಿಗೆ ಹಾಲು ಹಾಕಬೇಕು, ಹುಳಕ್ಕೆ ಸೊಪ್ಪು ಹಾಕಬೇಕು. ಆದ್ದರಿಂದ ಈ ಹೆಂಗಸರು ಮೊಬೈಲಿನಲ್ಲಿ ತೆಲುಗಿಗೆ ಇಳಿಸಿದ ಕೊರಿಯಾದ ಕಥೆ, ಚೀನಾದ ಕಥೆ, ಒಮ್ಮೊಮ್ಮೆ ಟರ್ಕಿಯ ಕಥೆ ಹಾಕಿಕೊಂಡು ನೋಡುತ್ತಾರೆ. ಮೊಬೈಲು ಮುನಿರತ್ನಮ್ಮನ ಸೊಸೆ ರೂಪಳದು.

ಕೊರಿಯಾದ ಹೆಸರು ಯಾರ ನಾಲಿಗೆಗೂ ಹೊರಳುವುದಿಲ್ಲ. ಅದಕ್ಕೆ ಇವರೇ ನಾಮಕರಣ ಮಾಡಿದ್ದರು. ಕಣ್ಣ ಮೇಲೆ ಕೂದಲು ಬಿಟ್ಟುಕೊಂಡ ನಾಯಕ ಡಾಕ್ಟರು ಸೀನಪ್ಪ. ನಾನು ಮೊದಲ ದಿನ ಕಂಡ, ಬೆಳ್ಳಗೆ ನುಣ್ಣಗಿದ್ದ ಅವನ ಹೆಂಡತಿ ಬೆಳ್ಳುಳ್ಳಿ. ಮೊದಮೊದಲು ಸೀನಪ್ಪನ ತುಟಿಯ ಬಣ್ಣ ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ನಾನು ಬರುವ ಹೊತ್ತಿಗೆ ಅದನ್ನು ಮನ್ನಿಸಿದ್ದರು.

ಸೀನಪ್ಪ ಬಸುರಿ ಹೆಂಡತಿಯನ್ನು ಬಿಟ್ಟು ದೊಡ್ಡ ಆಸ್ಪತ್ರೆ ಸೇರಲು ಹೊರದೇಶಕ್ಕೆ ಹೋದವನು. ವರ್ಷಗಟ್ಟಲೆ ಒಂದು ಫೋನಿಲ್ಲ. ಅಲ್ಲೊಬ್ಬಳ ಸಂಗವೂ ಆಯಿತು. ಆಮೇಲೆ ಬಂದು ಮನೆಯ ಮುಂದೆ ಹಿಮದಲ್ಲಿ ನಿಂತ, ಕೆನ್ನೆಯ ಮೇಲೆ ಒಂದು ಹನಿ ನೀರು. ಹುಳದ ಮನೆಯ ಹೆಂಗಸರೆಲ್ಲ ಸೊಪ್ಪು ಹರವುವುದು ಬಿಟ್ಟು "ಅಯ್ಯೋ ಪಾಪಂ" ಎಂದು ಸೆರಗು ಕಣ್ಣಿಗೊತ್ತಿಕೊಂಡರು. ಬೆಳ್ಳುಳ್ಳಿ ಮಗುವನ್ನು ಒಬ್ಬಳೇ ಸಾಕಿದವಳು. ಬ್ರೆಡ್ಡು ಮಾಡುವ ಕೆಲಸ ಕಲಿಯಬೇಕೆಂದು ಅದನ್ನು ಅತ್ತೆಯ ಹತ್ತಿರ ಬಿಟ್ಟು ಪಟ್ಟಣಕ್ಕೆ ಹೋದಳು. ದಿನಾ ಫೋನು ಮಾಡುತ್ತಾಳೆ. ಅವಳಿಗೆ ಇವರು ಕೊಟ್ಟ ಬಿರುದು "ರಾತಿ ಗುಂಡೆ". ತೆಲುಗಿನಲ್ಲಿ ಕಲ್ಲೆದೆ ಎಂದು.

ಒಂದು ಸಂಜೆ ತಡೆಯಲಾರದೆ ಕೇಳಿದೆ. "ಅಂವಾ ಬಿಟ್ಟು ಹೋದಾಗ ಯಾರೂ ಏನೂ ಅನ್ಲಿಲ್ಲಲ್ರಿ?"

ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ ಈ ಗುಂಪಿನ ಜಡ್ಜು. ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದರು. "ಅವ್ನು ದುಡಿಯಾಕ್ ಹೋದ."

"ಮತ್ತ ಈಕಿ?"

"ಇವ್ಳು ಬಿಟ್ ಹೋದ್ಳು."

ಎಲ್ಲರೂ ಹೌದೆಂದರು. ನಾನು ಅಲ್ಲಿಂದಾಚೆಗೆ ಕಥೆ ಬಿಟ್ಟು ಇವರನ್ನೇ ನೋಡತೊಡಗಿದೆ. ಗಂಡು ಹೆಣ್ಣಿನ ಕೈ ಹಿಡಿದು ಎಳೆದರೆ ಎಷ್ಟು ಪ್ರೀತಿ ಅನ್ನುತ್ತಾರೆ, ಹೆಣ್ಣು ತಾನಾಗಿ ಕೈ ಹಿಡಿದರೆ ನಾಚಿಕೆಯಿಲ್ಲ ಅನ್ನುತ್ತಾರೆ. ಮದುವೆಗೆ ಮೊದಲು ಹುಡುಗಿ ಎದುರುತ್ತರ ಕೊಟ್ಟರೆ ಚೂಟಿ, ಮದುವೆಯಾದ ಮೇಲೆ ಅದೇ ಮಾತು ಆಡಿದರೆ ಜೋರಿನವಳು. ಗಂಡು ತಪ್ಪು ಮಾಡಿದರೆ ಕಾರಣ ಹುಡುಕುತ್ತಾರೆ, ಅವನಿಗೆ ತಾಯಿಯಿರಲಿಲ್ಲ, ಅಪ್ಪ ಹೊಡೆಯುತ್ತಿದ್ದ ಅಂತ ಕಥೆಯಲ್ಲಿಲ್ಲದ ಕಾರಣವನ್ನೂ ತಂದು ಕೊಡುತ್ತಾರೆ. ಕೊನೆಗೆ ಏನೂ ಸಿಗದಿದ್ದರೆ ಹೆಗಲು ಕುಣಿಸಿ "ಮಗೋಡು ಕದಾ" ಅನ್ನುತ್ತಾರೆ. ಗಂಡಸಲ್ಲವಾ ಎಂದು ಅರ್ಥ. ಆ ಎರಡು ಮಾತಿಗೆ ಎಂಥ ಕೇಸೂ ಖುಲಾಸೆ.

ನನಗೆ ಸಿಟ್ಟು ಬರುತ್ತಿತ್ತು, ಆದರೂ ಸುಮ್ಮನಿರುತ್ತಿದ್ದೆ. ಹೊಸ ಊರು, ಬಾಡಿಗೆ ಮನೆ. ಬೈಯುತ್ತಿರುವುದು ಎಲ್ಲೋ ದೂರದ ಬೆಳ್ಳುಳ್ಳಿಗೆ ತಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ಸಮಾಧಾನ ರೂಪಳ ಸುದ್ದಿ ಬರುವವರೆಗೆ ಮಾತ್ರ ಉಳಿಯಿತು.

ರೂಪ ಶ್ರೀನಿವಾಸಪುರದ ಕಡೆಯ ಹುಡುಗಿ, ಡಿಗ್ರಿ ಮುಗಿಸಿದವಳು. ಕೋಲಾರದ ಆಚೆ ಮೊಬೈಲಿನ ಬಿಡಿಭಾಗ ಜೋಡಿಸುವ ಒಂದು ಕಾರ್ಖಾನೆಗೆ ಕಂಪನಿ ವ್ಯಾನಿನಲ್ಲಿ ಹೋಗಿ ಬರುತ್ತಾಳೆ. ಮೂರು ವರ್ಷದ ಮಗ, ಯಶು. ಮಗ ಹೊಟ್ಟೆಯಲ್ಲಿದ್ದಾಗ ಅವಳ ಗಂಡ ಮಂಜುನಾಥ ಕುವೈತಿಗೆ ಡ್ರೈವರ್ ಕೆಲಸಕ್ಕೆ ಹೋಗಿ, ಮಗು ನಡೆಯಲು ಕಲಿತ ಮೇಲೆ ವಾಪಸ್ ಬಂದಿದ್ದ. ಆಗ ಊರವರು ಕೋಲಾರದವರೆಗೆ ಕಾರು ಮಾಡಿಕೊಂಡು ಹೋಗಿ ಹಾರ ಹಾಕಿ ಕರೆತಂದರಂತೆ. ಈಗ ರೂಪಳಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗುವ ಅವಕಾಶ ಬಂದಿತ್ತು. ಚೆನ್ನೈ ಹತ್ತಿರದ ಅವರದೇ ಇನ್ನೊಂದು ಕಾರ್ಖಾನೆಯಲ್ಲಿ ಮೂರು ತಿಂಗಳ ತರಬೇತಿ. ಸೋಮವಾರ ಹೊರಡಬೇಕು, ಇಲ್ಲವಾದರೆ ಆ ಜಾಗ ಇನ್ನೊಬ್ಬರಿಗೆ.

ಕೇಳಿದ ಮಂಜುನಾಥ "ಅಮ್ಮನ್ನ ಕೇಳು" ಎಂದ. ಮುನಿರತ್ನಮ್ಮ ಒಂದು ದಿನ ಪೂರ್ತಿ ಹುಳದ ಮನೆಯಲ್ಲೇ ಇದ್ದರು. ಆಮೇಲೆ, "ಈ ಬೆಳೆ ಗೂಡಾಗ್ಲಿ. ಗೂಡು ಸರ್ಯಾಗ್ ಬಂದ್ರೆ ಹೋಗುವಂತೆ" ಎಂದರು. ಹುಳು ಗೂಡು ಕಟ್ಟಲು ಇನ್ನು ಕೆಲವೇ ದಿನ ಇದ್ದವು. ರೂಪ ಬೆಳಗಿನ ಪಾಳಿ ಮುಗಿಸಿ ಬಂದವಳು ಬಟ್ಟೆ ಬದಲಿಸಿ ನೇರ ಹುಳದ ಮನೆಗೆ ಹೋಗುತ್ತಿದ್ದಳು. ಒಂದು ಎಲೆ ಒದ್ದೆಯಿದ್ದರೂ ಒರೆಸಿ ಹಾಕುತ್ತಿದ್ದಳು. "ಅಕ್ಕ, ಇವು ನನ್ ಬಾಸ್‌ಗಳು" ಎಂದು ನಗುತ್ತಿದ್ದಳು. ನಗುವಾಗಲೂ ಅವಳ ಕಣ್ಣು ಅತ್ತೆಯ ಮುಖದ ಮೇಲೆಯೇ ಇರುತ್ತಿತ್ತು.

ಶನಿವಾರ ಹುಳು ಹಣ್ಣಾದವು. ನಮ್ಮ ಕಡೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ಬೆಳೆದ ಹುಳು ತಿನ್ನುವುದನ್ನು ಬಿಟ್ಟು, ಮೈಯೆಲ್ಲ ಹಳದಿಗೆ ತಿರುಗಿ, ತಲೆಯೆತ್ತಿ ಜಾಗ ಹುಡುಕುತ್ತದೆ. ಅದನ್ನೇ ಹಣ್ಣಾಗುವುದು ಅನ್ನುತ್ತಾರೆ. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು, ಅಲ್ಲಿ ಅದು ಗೂಡು ಕಟ್ಟುತ್ತದೆ. ತಡಮಾಡಿದರೆ ರೇಷ್ಮೆ ಅಲ್ಲೇ ಹಾಳು. ಒಂದು ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ, ಆದ್ದರಿಂದ ಬೀದಿಯ ಹೆಂಗಸರೆಲ್ಲ ಮುಯ್ಯಿಗೆ ಬರುತ್ತಾರೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿಯಿಲ್ಲ, ಕಾಫಿ ಉಂಟು. ನಾನೂ ಕಾಲು ಅದ್ದಿ ಒಳಗೆ ಕೂತೆ. ಡ್ರಮ್ಮಿನ ಮೇಲೆ ಸೀನಪ್ಪ, ಬೆಳ್ಳುಳ್ಳಿ ನಡೆಯುತ್ತಿದ್ದರು.

ಒಂದು ಕಡೆಯ ಅಟ್ಟಣೆಗಳಲ್ಲಿ ಮಾತ್ರ ಹುಳು ಹಣ್ಣಾಗಿದ್ದವು. ಉಳಿದವಕ್ಕೆ ಇನ್ನೂ ಒಂದೆರಡು ಸಲ ಸೊಪ್ಪು ಬೇಕಿತ್ತು. ಮಂಜುನಾಥ ಬೈಕಿನಲ್ಲಿ ಒಂದು ಹೊರೆ ತಂದು ಬಾಗಿಲಲ್ಲಿ ಇಳಿಸಿ ಹೋದ. ರೂಪ ಅದನ್ನು ಹರವಿ ಬಂದು ನನ್ನ ಪಕ್ಕ ಕೂತು ಆರಿಸತೊಡಗಿದಳು.

ಸ್ವಲ್ಪ ಹೊತ್ತಿನ ಮೇಲೆ ವೆಂಕಟಲಕ್ಷ್ಮಮ್ಮ "ಲೇ, ಇದೇನೇ ಇದು?" ಎಂದು ಕಿರುಚಿದರು. ಈಗಷ್ಟೇ ಸೊಪ್ಪು ಹಾಕಿದ ಕಡೆಯ ಹುಳುಗಳು ತಲೆಯನ್ನು ಅತ್ತಿಂದಿತ್ತ ಬೀಸುತ್ತಿದ್ದವು. ಮೈ ತಿರುಚಿಕೊಂಡು ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ನೋಡುತ್ತಿದ್ದಂತೆ ಒಂದೊಂದೇ ಸುರುಟಿ ಬಿದ್ದವು.

ಮುನಿರತ್ನಮ್ಮ ಸೊಸೆಯ ಕಡೆ ತಿರುಗಿದರು. ಅಷ್ಟೂ ಜನರ ಮುಂದೆ ಕೇಳಿದರು. "ಮುಟ್ಟಾಗಿದ್ಯೇನೇ?"

ಮುಟ್ಟಾದವರು ಹುಳದ ಮನೆಗೆ ಬರಬಾರದು ಎಂಬುದು ಇಲ್ಲಿಯ ಕಟ್ಟು. ರೂಪಳ ಮುಖ ಕೆಂಪಾಯಿತು. "ಇಲ್ಲ ಅತ್ತೆ."

"ಕಂಪ್ನಿಯಿಂದ ಏನಾನಾ ಹಚ್ಕೊಂಡ್ ಬಂದ್ಯಾ? ಕೈಗೆ, ಮುಖಕ್ಕೆ?"

"ಇಲ್ಲ. ಕೈ ತೊಳ್ದು, ಕಾಲು ತೊಳ್ದು ಬಂದೆ. ಸಿಸ್ಟರಕ್ಕ ನೋಡವ್ರೆ."

"ಏನೂ ಇಲ್ದೆ ಹುಳ ಯಾಕ್ ಸಾಯ್ತಾವೆ?" ಎಂದರು ವೆಂಕಟಲಕ್ಷ್ಮಮ್ಮ. "ಬೆಳಿಗ್ಗೆ ನಾವ್ ಹಾಕ್ದಾಗ ಚೆನ್ನಾಗೇ ಇದ್ವಲ್ಲ. ಇವ್ಳು ಹಾಕಿದ್ ಮೇಲೆ ತಾನೇ?"

"ಮನಸ್ಸು ಇಲ್ಲೈತಾ ಅದ್ಕೆ? ಚೆನ್ನೈನಾಗೈತೆ" ಎಂದಿತು ಹಿಂದಿನಿಂದ ಒಂದು ದನಿ. "ಕೈಯಾಗಿನ ಹುಳಕ್ಕೂ ಗೊತ್ತಾಗ್ತದೆ."

ಯಾರೂ ಕೆಲಸ ನಿಲ್ಲಿಸುವಂತಿರಲಿಲ್ಲ. ಹಣ್ಣಾದ ಹುಳು ಕಾಯುವುದಿಲ್ಲ. ಒಂದು ಕೈ ಹುಳು ಆರಿಸುತ್ತಿತ್ತು, ಬಾಯಿ ರೂಪಳನ್ನು ಕುಟುಕುತ್ತಿತ್ತು. ಮೊಬೈಲು ಯಾರೂ ಆಫ್ ಮಾಡದೆ ತನ್ನಷ್ಟಕ್ಕೆ ತೆಲುಗಿನಲ್ಲಿ ಮಾತಾಡುತ್ತಲೇ ಇತ್ತು. ರೂಪ ಎದ್ದು ಸಾಯುತ್ತಿದ್ದ ಹುಳುಗಳ ಕೆಳಗಿನಿಂದ ಸೊಪ್ಪನ್ನು ಬಾಚಿ ಬಾಚಿ ತೆಗೆಯುತ್ತಿದ್ದಳು. ಒಂದು ಎಲೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ಹಾಗೇ ನಿಂತಳು. ನನಗೂ ಆಗ ಹೊಳೆಯಿತು. ಬೆಳೆಗೆ ಹೊಡೆಯುವ ಔಷಧಿ ಕುಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಾಯಿಂದ ಹೀಗೇ ಕಕ್ಕುತ್ತಾರೆ, ಮೈ ಹೀಗೇ ತಿರುಚುತ್ತದೆ.

ಅವರ ಹಿಪ್ಪುನೇರಳೆ ತೋಟದ ಮಗ್ಗುಲಲ್ಲೇ ಟೊಮೇಟೊ ಇದೆ. ಟೊಮೇಟೊಗೆ ಔಷಧಿ ಹೊಡೆದರೆ ಬದುವಿನ ಸಾಲಿನ ಸೊಪ್ಪನ್ನು ಹಲವು ದಿನ ಮುಟ್ಟುವುದಿಲ್ಲ. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಬದುವಿನ ಪಕ್ಕದಲ್ಲೇ ಬೈಕು ನಿಲ್ಲುವ ಜಾಗವೂ ಇದೆ.

ಮಂಜುನಾಥ ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ. ಅಟ್ಟಣೆ ನೋಡಿದ, ರೂಪಳ ಕೈಯಲ್ಲಿದ್ದ ಎಲೆ ನೋಡಿದ. ಅವನೇ ಹೇಳಲಿ ಎಂದು ರೂಪ ಅವನನ್ನೇ ನೋಡುತ್ತಾ ನಿಂತಳು. ಅವನು ನೆಲ ನೋಡಿದ.

"ಮಂಜುನಾಥ, ಸೊಪ್ಪು ಯಾವ ಸಾಲಿಂದು?" ಎಂದು ನಾನು ಕೇಳಿಯೇ ಬಿಟ್ಟೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ಬದುವಿನ್ ಸಾಲು... ಔಷ್ದಿ ಹೊಡ್ದ್ ಮ್ಯಾಲೆ ಒಂದ್ ಮಳೆ ಬಂದಿತ್ತಲ್ಲ. ತೊಳ್ದು ಹೋಗಿರ್ತದೆ ಅಂದ್ಕೊಂಡೆ."

ಸತ್ಯ ಹೊರಗೆ ಬಂತು. ಇನ್ನು ರೂಪಳ ತಲೆಯ ಮೇಲಿನ ಭಾರ ಇಳಿಯಿತು ಎಂದು ನಾನು ನಂಬಿದೆ. ಎಂಥ ದಡ್ಡಿ ನಾನು! ಒಬ್ಬಳು ಎದ್ದು ಅವನಿಗೆ ನೀರು ತಂದುಕೊಟ್ಟಳು. "ಗಾಬ್ರಿ ಆಗ್ಬುಟ್ಟವ್ನೆ ಪಾಪ, ಕೂತ್ಕೊಳಪ್ಪ" ಎಂದಳು ಇನ್ನೊಬ್ಬಳು. ವೆಂಕಟಲಕ್ಷ್ಮಮ್ಮ ನಿಟ್ಟುಸಿರು ಬಿಟ್ಟು, "ತೋಟ ನೋಡ್ಬೇಕು, ಹಾಲು ನೋಡ್ಬೇಕು, ಎಷ್ಟೂಂತ ನೆನಪಿಟ್ಕೊತದೆ ಒಂದ್ ತಲೆ. ಮಗೋಡು ಕದಾ" ಎಂದರು. ಆಮೇಲೆ ರೂಪಳ ಕಡೆ ತಿರುಗಿದರು. "ನೀನ್ ಮನೇಲಿದ್ದಿದ್ರೆ ಸೊಪ್ಪು ನೀನೇ ಕೊಯ್ತಿದ್ದೆ. ಹಿಂಗಾಗ್ತಿತ್ತಾ?"

ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು ಎದ್ದು ನಿಂತೆ. ಬಂದಾಗಿನಿಂದ ತಿದ್ದಿ ತಿದ್ದಿ ಆಡುತ್ತಿದ್ದ ಕನ್ನಡವೆಲ್ಲ ಹೋಗಿ ಅಚ್ಚ ರೋಣದ ಮಾತು ಬಂತು. "ಏನ್ ನ್ಯಾಯರೀ ಇದು? ತಪ್ಪು ಮಾಡಿದಂವಗ ನೀರು ಕೊಡ್ತೀರಿ, ಮಾಡಲಾರದಾಕಿಗೆ ಬೈತೀರಿ. ಅಂವಾ ಕುವೈತಕ್ಕ ಹೋಗಿ ಬಂದಾಗ ಹಾರ ಹಾಕಿದ್ರಿ. ಈಕಿ ಮೂರು ತಿಂಗಳಾ ಹೋಗ್ತೀನಂದ್ರ ಕಲ್ಲೆದಿ? ನಾನೂ ನನ್ನ ಮಗಳನ್ನ ಬಿಟ್ಟು ಬಂದೀನಿ. ನನಗ್ಯಾಕ ಬೈಯೂದಿಲ್ಲ ನೀವು?"

ನನ್ನ ಮಾತಿಗೆ ಅವತ್ತು ಯಾರೂ ನಗಲಿಲ್ಲ. ವೆಂಕಟಲಕ್ಷ್ಮಮ್ಮ ತಲೆ ಎತ್ತಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸುಳ್ಳೂ ಇರಲಿಲ್ಲ.

"ಬೈತೀವಲ್ಲ ಸಿಸ್ಟರ್. ನಿಮ್ ಮುಂದೆ ಬೈಯಲ್ಲ, ಅಷ್ಟೇ."

ಮುದ್ದೆ ನುಂಗಿದ್ದಕ್ಕೆ ಸಂತೋಷಪಟ್ಟ ಮುಖಗಳು, ಚುಚ್ಚುಮದ್ದಿಗೆ ಮಕ್ಕಳನ್ನು ಎತ್ತಿಕೊಂಡು ಬಂದ ಮುಖಗಳು, ಹಬ್ಬಕ್ಕೆ ಹೂವು ಕೊಟ್ಟ ಮುಖಗಳು. ಎಲ್ಲರೂ ಕೈಯಲ್ಲಿದ್ದ ಹುಳು ನೋಡುತ್ತಿದ್ದರು, ಯಾರೂ ಇಲ್ಲ ಅನ್ನಲಿಲ್ಲ. ನನಗೆ ಅಳು ಬಂತು. ನರ್ಸ್ ಎಂಬುದನ್ನು ಮರೆತು ಅಲ್ಲೇ ಅತ್ತುಬಿಟ್ಟೆ.

ಮುನಿರತ್ನಮ್ಮ ಮಾತ್ರ ಎದ್ದು ಮೊಬೈಲು ಆಫ್ ಮಾಡಿದರು. "ಬದ್ಕಿರೋವ್ನ ಮೊದ್ಲು ಎತ್ರಿ" ಎಂದರು. ಎಲ್ಲರೂ ಮತ್ತೆ ಕೂತು ಆರಿಸಿದೆವು. ಅರ್ಧಕ್ಕಿಂತ ಹೆಚ್ಚು ಹುಳು ಸತ್ತಿದ್ದವು.

ಭಾನುವಾರ ಸತ್ತ ಹುಳುಗಳನ್ನು ಗುಂಡಿ ತೋಡಿ ಹೂತರು. ಇನ್ನು ಗೂಡು ಸರಿಯಾಗಿ ಬರುವ ಮಾತಿರಲಿಲ್ಲ, ಷರತ್ತು ಷರತ್ತೇ. ರೂಪ ಬಟ್ಟೆ ಜೋಡಿಸಲಿಲ್ಲ, ಅಳಲೂ ಇಲ್ಲ. ಮಗನಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು. ಸಂಜೆ ನನ್ನ ಬಾಗಿಲಿಗೆ ಬಂದು, "ನೀವ್ಯಾಕ್ ಹೇಳಕ್ ಹೋದ್ರಕ್ಕ, ನಿಮ್ಮನ್ನೂ ಅಂದ್ರಲ್ಲ" ಎಂದಳು. ಅವಳ ಗತಿ ಹಾಗಿರುವಾಗ ನನ್ನ ಬಗ್ಗೆ ನೊಂದುಕೊಳ್ಳುತ್ತಾಳಲ್ಲ ಎಂದು ಇನ್ನೂ ಸಂಕಟವಾಯಿತು.

ಸೋಮವಾರ ಬೆಳಿಗ್ಗೆ ನಾನು ನೀರು ಹಿಡಿಯಲು ಅಂಗಳಕ್ಕೆ ಬಂದಾಗ ಮುನಿರತ್ನಮ್ಮ ಬಟ್ಟೆ ಒಗೆಯುತ್ತಿದ್ದರು. ರೂಪ ಮಾಮೂಲಿ ಪಾಳಿಗೆ ಹೊರಟು ಟಿಫನ್ ಡಬ್ಬಿ ಹಿಡಿದು ನಿಂತಿದ್ದಳು. ಅತ್ತೆ ಸೀರೆ ಹಿಂಡುತ್ತಾ, ಮುಖ ಎತ್ತದೆ ಹೇಳಿದರು.

"ಡಬ್ಬಿ ಇಡು ಒಳ್ಗೆ. ಬ್ಯಾಗ್ ತಕ್ಕೊಂಡ್ ಬಾ."

ರೂಪಳಿಗೆ ಅರ್ಥವಾಗಲಿಲ್ಲ.

"ಇಲ್ಲಿದ್ರೂ ಬೈತಾರೆ, ಹೋದ್ರೂ ಬೈತಾರೆ. ಹೋಗ್ ಬೈಸ್ಕೊ." ಸೀರೆಯನ್ನು ಪಟಾರೆಂದು ಕೊಡವಿದರು. "ಮಗೂನ ನಾನ್ ನೋಡ್ಕೊಂತೀನಿ. ಆದ್ರೆ ನಾನೂ ಬೈತೀನಿ, ಈಗ್ಲೇ ಹೇಳಿವ್ನಿ."

ರೂಪ ಅರ್ಧ ಗಂಟೆಯಲ್ಲಿ ಹೊರಟಳು. ಯಶು ಅಜ್ಜಿಯ ಸೊಂಟದ ಮೇಲೆ ಕೂತು ಅಳುತ್ತಿದ್ದ. ಮಂಜುನಾಥ ಬೈಕಿನಲ್ಲಿ ಬಸ್ಸಿಗೆ ಬಿಟ್ಟುಬಂದ. ಬೀದಿಯ ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ನಿಂತು ನೋಡಿದರು, ಹಾರವೇನೂ ಬರಲಿಲ್ಲ. ಅದಾದ ಮೇಲೆ ಮಂಜುನಾಥ ಮಗನ ತಲೆ ಬಾಚಿ ಅಂಗನವಾಡಿಗೆ ಕರೆದುಕೊಂಡು ಹೋದರೆ ಅದೇ ಬಾಗಿಲುಗಳಿಂದ "ಎಂಥ ಅಪ್ಪ ನೋಡೇ, ಬಂಗಾರು" ಎಂಬ ಮಾತು ಕೇಳಿಸುತ್ತಿತ್ತು. ರೂಪಳನ್ನು ಅವರು ಬೈಯುತ್ತಿದ್ದರೋ ಇಲ್ಲವೋ ಗೊತ್ತಿಲ್ಲ. ನಾನು ಬಂದರೆ ಮಾತು ನಿಲ್ಲುತ್ತಿತ್ತು.

ಈಗಲೂ ನಾನು ಅಲ್ಲಿಯೇ ಇದ್ದೇನೆ. ವೆಂಕಟಲಕ್ಷ್ಮಮ್ಮನ ಬೀಪಿ ನಾನೇ ನೋಡುತ್ತೇನೆ, ಅವರ ಮನೆಯ ಹುಳು ಹಣ್ಣಾದಾಗ ಮುಯ್ಯಿಗೆ ಹೋಗುತ್ತೇನೆ. ಅವರು ನನ್ನನ್ನು ಬೈಯುತ್ತಾರೆಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವರಿಗೆ ಗೊತ್ತು. ಹೀಗೂ ಒಂದು ಊರಿನವಳಾಗಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ರಜೆ ಸಿಕ್ಕಾಗ ರೋಣಕ್ಕೆ ಬಂದೆ. ಮನೆಯಲ್ಲಿ ನನ್ನ ತಾಯಿ ಓಣಿಯ ಹೆಂಗಸರ ಜೊತೆ ಟೀವಿಯ ಮುಂದೆ ಕೂತಿದ್ದರು. ಪುಣೆಯಿಂದ ಯಾವಾಗಲೋ ಒಮ್ಮೆ ಪೇಢೆಯ ಡಬ್ಬಿ ಹಿಡಿದು ಬಂದು ಎರಡು ದಿನ ಇದ್ದು ಹೋಗುವ ನನ್ನ ಗಂಡನ ಬಗ್ಗೆ, "ನಮ್ಮ ಅಳಿಯಾ ಬಾಳ ಚೊಲೊ ಮನಶ್ಯಾ. ಮಗಳಂದ್ರ ಜೀವಾ" ಎಂದು ಅವರಿಗೆಲ್ಲ ಹೇಳುತ್ತಿದ್ದರು. ನನ್ನನ್ನು ನೋಡಿ, "ಬಂದ್ಯಾ? ಇನ್ನ ಎಷ್ಟ್ ದಿನಾ ನಿಂದು ಇದು?" ಎಂದರು. ಹೆಂಗಸರು ನನ್ನ ಮುಖ ನೋಡಿ ಟೀವಿಯ ಕಡೆ ತಿರುಗಿದರು. ಆ ತಿರುಗುವ ರೀತಿ ನನಗೆ ಈಗ ಚೆನ್ನಾಗಿ ಪರಿಚಯವಾಗಿತ್ತು. ನಮ್ಮ ಕಡೆಯವರೇ, ಬೇಸರ ಮಾಡಿಕೊಳ್ಳಬೇಡಿ, ತಾಯಲೂರಿನ ಕಡೆಯವರು ಕೊನೇಪಕ್ಷ ಬಾಯಿಬಿಟ್ಟು ಹೇಳಿದರು.

ಮಗಳು ಹಿತ್ತಲಿನಲ್ಲಿ ಗೆಳತಿಯರ ಜೊತೆ ಆಡುತ್ತಿದ್ದಳು. ನಾನು ಕಂಬದ ಮರೆಯಲ್ಲಿ ನಿಂತೆ. ಟೀವಿ ಕಥೆಯ ಆಟ. ಒಬ್ಬಳು ಅತ್ತೆ, ಒಬ್ಬಳು ಅಳುವ ಕೂಸು. ನನ್ನ ಮಗಳು ಶಾಲೆಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಹಿತ್ತಲ ಬಾಗಿಲ ಕಡೆ ನಡೆಯುತ್ತಿದ್ದಳು. ಹಿಂದಿನಿಂದ ಕೂಸು ಅಳುತ್ತಿತ್ತು, ಅತ್ತೆ ಕೈ ನೀಡಿ ಬೈಯುತ್ತಿದ್ದಳು. ಅವಳು ತಿರುಗಿ ನೋಡಲಿಲ್ಲ. ಬಾಗಿಲವರೆಗೆ ಹೋದವಳು ನನ್ನನ್ನು ಕಂಡು ಓಡಿಬಂದು ಸೊಂಟ ತಬ್ಬಿಕೊಂಡಳು.

"ನಿಂದ್ಯಾವ ಪಾರ್ಟು?" ಎಂದು ಕೇಳಿದೆ. "ಕೆಟ್ಟಾಕಿದೇನು?"

"ಅಲ್ಲವ್ವಾ," ಎಂದಳು ಮಗಳು, ನನಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ. "ನಂದು ನಿನ್ನ ಪಾರ್ಟು. ದೂರದಾಕಿದು."

ನಾನು ಅವಳ ಹೆಗಲಿನಿಂದ ಬ್ಯಾಗು ಇಳಿಸಲು ಹೋದೆ. ಅವಳು ಬಿಡಲಿಲ್ಲ, ಇನ್ನೂ ಆಟ ಮುಗಿದಿಲ್ಲ ಎಂದಳು. ತಾಯಲೂರಿನಲ್ಲಿ ನನ್ನ ಹೆಸರು ಗೊತ್ತಿಲ್ಲದವರು ನನ್ನನ್ನು ಹಾಗೇ ಗುರುತಿಸುತ್ತಾರೆ, ದೂರದಿಂದ ಬಂದ ಸಿಸ್ಟರು ಎಂದು. ಈಗ ನನಗೆ ಎರಡೂ ಊರಿನಲ್ಲಿ ಅದೇ ಹೆಸರು.